ಕಿತ್ತ ಮರ ನೆಲ ಹಿಡಿಯುವ ತನಕ



1953ರಲ್ಲಿ ತುಂಗಭದ್ರಾ ಕಾಲುವೆಗೆ ನೀರು ಬಿಟ್ಟ ಮೇಲೆ ಸಿರುಗುಪ್ಪದ ಎರೆ ಹೊಲಗಳಲ್ಲಿ ಭತ್ತದ ನಾಟಿ ಹಬ್ಬಿತು. ಕುರುಗೋಡಿನ ಕಡೆ ಮೆಣಸಿನ ಅಗಿ ಹಚ್ಚುವುದನ್ನು ಮಕ್ಕಳೂ ಬಲ್ಲರು. ಕಿತ್ತ ಸಸಿ ಕೆಲವು ದಿನ ಬಾಡಿ, ಆಮೇಲೆ ನೆಲ ಹಿಡಿದು ಎದ್ದು ನಿಲ್ಲುತ್ತದೆ. ಆ ದಿನಗಳಲ್ಲಿ ನೀರು ತಪ್ಪದಂತೆ ನಾವು ಕಾಯುತ್ತೇವೆ. ಆದರೆ ಮನೆ ಕಟ್ಟುವಾಗಲೋ, ರಸ್ತೆ ಅಗಲ ಮಾಡುವಾಗಲೋ ಬೆಳೆದ ಮರ ಕಿತ್ತು ಬೇರೆ ಕಡೆ ನೆಟ್ಟರೆ, ಎರಡು ಕೊಡ ನೀರು ಸುರಿದು ಮರೆತುಬಿಡುತ್ತೇವೆ. ಸಸಿ ಹೋದರೆ ಒಂದು ಬೆಳೆ ಹೋಯಿತು. ಮರ ಹೋದರೆ ಇಪ್ಪತ್ತು ವರ್ಷ ಹೋಯಿತು.

ಮರವನ್ನು ಕಿತ್ತು ನೆಡುವ ವಿದ್ಯೆ ಹೊಸದಲ್ಲ. ಸುಮಾರು 3,500 ವರ್ಷಗಳ ಹಿಂದೆ ಈಜಿಪ್ಟಿನ ರಾಣಿ ಹತ್ಶೆಪ್ಸುತ್ ದೂರದ ಪುಂಟ್ ದೇಶದಿಂದ ಸುಗಂಧದ ಮರಗಳನ್ನು ಹಡಗಿನಲ್ಲಿ ತರಿಸಿದಳು. ಅವುಗಳನ್ನು ಬೇರಿನ ಸಮೇತ ಬುಟ್ಟಿಯಲ್ಲಿಟ್ಟು ಹೊರುವ ಚಿತ್ರ ಆಕೆಯ ಗುಡಿಯ ಗೋಡೆಯ ಮೇಲೆ ಇಂದಿಗೂ ಇದೆ.

ನಮ್ಮ ದೇಶದಲ್ಲಿ 6ನೆಯ ಶತಮಾನದ ವರಾಹಮಿಹಿರ ತನ್ನ ‘ಬೃಹತ್ಸಂಹಿತೆ’ಯಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟ. ಮರವನ್ನು ಸ್ಥಳ ಬದಲಿಸುವ ಮುಂಚೆ ಬುಡದಿಂದ ಕಾಂಡದವರೆಗೆ ತುಪ್ಪ, ಲಾವಂಚ, ಎಳ್ಳು, ಜೇನು, ವಾಯುವಿಳಂಗ, ಹಾಲು, ಸಗಣಿ ಕೂಡಿಸಿ ಬಳಿಯಬೇಕೆಂದು ಹೇಳಿದ. ಕೊಂಬೆ ಒಡೆಯದ ಗಿಡಕ್ಕೆ ಶಿಶಿರ, ಕೊಂಬೆ ಒಡೆದದ್ದಕ್ಕೆ ಹೇಮಂತ, ಕಾಂಡ ಬಲಿತದ್ದಕ್ಕೆ ಮಳೆಗಾಲ ಎಂದು ಕಾಲ ಗೊತ್ತುಮಾಡಿದ. ನೆಟ್ಟ ಮೇಲೆ ಬೇಸಿಗೆಯಲ್ಲಿ ಬೆಳಗು ಬೈಗು ಎರಡು ಹೊತ್ತು, ಚಳಿಗಾಲದಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ನೆಲ ಒಣಗಿದಾಗ ಮಾತ್ರ ನೀರು. ಇದನ್ನು ಸ್ವಲ್ಪ ವಿಚಾರ ಮಾಡಿ ನೋಡ್ರಿ. ಮೂರು ಕಾಲಕ್ಕೂ ನೀರಿನ ಲೆಕ್ಕ ಕೊಟ್ಟನೆಂದರೆ, ಆರೈಕೆ ಒಂದು ವಾರದ್ದಲ್ಲ, ವರ್ಷದ್ದು ಎಂದೇ ಅರ್ಥ.

ಕನ್ನಡದಲ್ಲೂ ಈ ವಿದ್ಯೆ ಬಂತು. ಸುಮಾರು 1025ರಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಜಯಸಿಂಹನ ಕಾಲದಲ್ಲಿ ಚಾವುಂಡರಾಯನೆಂಬ ಕವಿ ‘ಲೋಕೋಪಕಾರ’ ಬರೆದ. ಅದರಲ್ಲೂ ವೃಕ್ಷಾಯುರ್ವೇದದ ಭಾಗವಿದೆ. ಮುಂದೆ ಕುರುಗೋಡಿನಲ್ಲಿ ಆಳಿದ ಸಿಂದರು ಇದೇ ಚಾಲುಕ್ಯರ ಸಾಮಂತರು. ಗಿಡದ ಶಾಸ್ತ್ರ ನಮ್ಮ ನುಡಿಗೆ ಬಂದು ಸಾವಿರ ವರ್ಷವಾಯಿತು.

ಹೊರದೇಶಗಳಲ್ಲೂ ಇದು ಬೆಳೆಯಿತು. 1880ರಲ್ಲಿ ಇಂಗ್ಲೆಂಡಿನ ಡೋವರಿನಲ್ಲಿ ವಿಲಿಯಂ ಬ್ಯಾರನ್ ಎಂಬ ತೋಟಗಾರ ಹಳೆಯ ಯೂ ಮರವೊಂದನ್ನು ಬೇರು ಮಣ್ಣಿನ ಸಮೇತ ಎತ್ತಿ ಸುಮಾರು 60 ಅಡಿ ಸರಿಸಿದ. ಮರ ಬದುಕಿತು. ಚೀನಾದಲ್ಲಿ ಹುಟ್ಟಿದ ಕುಂಡದ ಮರದ ಕಲೆ ಜಪಾನಿನಲ್ಲಿ ಬೋನ್ಸಾಯ್ ಆಯಿತು. ಅಲ್ಲಿ ಮೇಪಲ್ ಮರವನ್ನು ಚಳಿಗಾಲದ ಕೊನೆಗೆ, ಚಿಗುರು ಒಡೆಯುವ ಮುಂಚೆ ಅಗೆಯುತ್ತಾರೆ. ಎಲೆ ಇಲ್ಲದಾಗ ಮರಕ್ಕೆ ನೀರಿನ ಖರ್ಚು ಕಡಿಮೆ.

ಇವರೆಲ್ಲರ ಅನುಭವದ ತಿರುಳು ಒಂದೇ. ನೀರು ಹೀರುವುದು ದಪ್ಪ ಬೇರಲ್ಲ, ಕೂದಲಿನಂಥ ಎಳೆ ಬೇರು. ಅಗೆದಾಗ ಮೊದಲು ಹರಿಯುವುದೇ ಅದು. ಮೇಲೆ ಎಲೆ ನೀರು ಬಿಡುತ್ತಲೇ ಇರುತ್ತದೆ, ಕೆಳಗೆ ಹೀರುವ ಬಾಯಿ ಇರುವುದಿಲ್ಲ.

ಹಾಗಾದರೆ ನಾವೇನು ಮಾಡಬೇಕು? ಬಳ್ಳಾರಿಯ ಬಿಸಿಲಿಗೆ ಮೇಪಲ್ ಒಗ್ಗದು. ಕುಂಡಕ್ಕಾದರೂ ಹೊಲದ ಬದುವಿಗಾದರೂ ಆಲ, ಅರಳಿ, ಅತ್ತಿ ಒಗ್ಗುತ್ತವೆ. ಮನೆಯ ಗೋಡೆ, ಬಾವಿಯ ಸಂದಿನಲ್ಲಿ ಹುಟ್ಟಿದ್ದನ್ನು ತೆಗೆಯಬಹುದು. ಕೋಟೆ, ಹಳೆಯ ಗುಡಿ, ಕಾಡಿನ ಗಿಡಕ್ಕೆ ಕೈ ಹಾಕಬ್ಯಾಡ್ರಿ. ಮಳೆ ಹಿಡಿದಾಗ, ಸಂಜೆ ಹೊತ್ತು ಅಗೆಯಿರಿ. ಬುಡದ ಮಣ್ಣು ಉದುರದಂತೆ ತೋಯಿಸಿದ ಗೋಣಿಚೀಲ ಸುತ್ತಿರಿ. ತುಪ್ಪ ಜೇನು ಬೇಡ. ಬರಿ ಬೇರಿದ್ದರೆ ಸಗಣಿ ಮಸಾರಿ ಮಣ್ಣಿನ ರಾಡಿಯಲ್ಲಿ ಅದ್ದಿದರೆ ಸಾಕು. ಬೇರು ಹೋದಷ್ಟಕ್ಕೆ ತಕ್ಕಂತೆ ಕೊಂಬೆ ಸವರಿರಿ. ಎರೆ ಮಣ್ಣೊಂದೇ ತುಂಬಿದರೆ ನೀರು ನಿಂತು ಬೇರು ಕೊಳೆಯುತ್ತದೆ, ಗರಸು ಬೆರೆಸಿರಿ. ಗಾಳಿಗೆ ಅಲುಗದಂತೆ ಗೂಟ ಕಟ್ಟಿರಿ, ನೆರಳು ಮಾಡಿರಿ.

ಕೊನೆಯ ಮಾತು, ಮುಖ್ಯ ಮಾತು. ಹದಿನೈದು ದಿನಕ್ಕೆ ಚಿಗುರು ಕಂಡರೆ “ಗಿಡ ಹತ್ತಿತು” ಅಂತ ಯೂರಿಯಾ ಹಾಕುವವರುಂಟು. ಆ ಚಿಗುರು ಕಾಂಡದಲ್ಲಿ ಕೂಡಿಟ್ಟಿದ್ದ ಗಂಟಿನಿಂದ ಬಂದದ್ದೂ ಆಗಿರಬಹುದು. ಗಂಟು ಕರಗುವುದರೊಳಗೆ ಬೇರು ಬರದಿದ್ದರೆ ಚಿಗುರು ಬಾಡಿ ಮರ ಸಾಯುತ್ತದೆ. ಚಿಗುರು ಬಲಿತು, ಮಧ್ಯಾಹ್ನದ ಬಿಸಿಲಿಗೂ ಬಾಡದೆ ನಿಂತಾಗ ಮಾತ್ರ ನೆಲ ಹಿಡಿಯಿತೆಂದು ತಿಳಿಯಿರಿ. ಅಲ್ಲಿಯ ತನಕ ಗೊಬ್ಬರ ಬೇಡ, ಎಳೆದು ನೋಡುವುದೂ ಬೇಡ. ಒಂದು ಬೇಸಿಗೆ ದಾಟುವ ತನಕ ನೀರು ಮಾತ್ರ ತಪ್ಪಿಸಬ್ಯಾಡ್ರಿ.