ರಾಜ್ಯಶಾಸ್ತ್ರದಲ್ಲಿ ಎಂ.ಎ.: ಹಿರೇಗುತ್ತಿಯಿಂದ ಎಷ್ಟು ದಾರಿ?

ಹಿರೇಗುತ್ತಿಯಲ್ಲಿ ಕೂತು ಬಿ.ಎ. ಮುಗಿಸಿದವರಿಗೆ ಮೊದಲು ಕಾಣೋದು ಧಾರವಾಡ. ಉತ್ತರ ಕನ್ನಡ ಜಿಲ್ಲೆ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೇ ಬರುತ್ತದೆ. ಅಂಕೋಲೆಗೆ ಹೋಗಿ ಅರಬೈಲು ಘಟ್ಟ ಹತ್ತಿದರಾಯ್ತು. ರಾಜ್ಯದ ವಿವಿಗಳು ಸಾಮಾನ್ಯವಾಗಿ ಪದವಿಯಲ್ಲಿ ರಾಜ್ಯಶಾಸ್ತ್ರ ಓದಿದವರನ್ನೇ ಕೇಳುತ್ತವೆ. ಕನಿಷ್ಠ ಅಂಕ, ಮೀಸಲಾತಿಯ ವಿನಾಯಿತಿಗೆ ಆ ವರ್ಷದ ಅಧಿಸೂಚನೆಯನ್ನೇ ನೋಡಿ, ಸೀನಿಯರ್‌ಗಳ ಮಾತನ್ನಲ್ಲ.

ಕೇಂದ್ರೀಯ ವಿವಿಗಳ ಕಥೆ ಬೇರೆ. 2022ರಿಂದ ಅಲ್ಲಿಗೆ ಸಿಯುಇಟಿ-ಪಿಜಿ ಪರೀಕ್ಷೆ. ಈಗಿನ ಮಾದರಿಯಲ್ಲಿ 75 ಪ್ರಶ್ನೆ; ಸರಿಗೆ 4 ಅಂಕ, ತಪ್ಪಿಗೆ 1 ಕಡಿತ. ಜೆಎನ್‌ಯುನಂಥ ಕಡೆ ಯಾವ ಪದವಿಯವರೂ ಅರ್ಜಿ ಹಾಕಬಹುದು. ಅಂದರೆ ರಾಜ್ಯಶಾಸ್ತ್ರದ ಒಂದು ಪುಟವನ್ನೂ ತರಗತಿಯಲ್ಲಿ ಓದದ ನನ್ನಂಥ ಎಂಜಿನಿಯರ್‌ಗೂ ಬಾಗಿಲು ತೆರೆದಿದೆ. ಮೂರು ವರ್ಷ ಅದನ್ನೇ ಕನ್ನಡದಲ್ಲಿ ಓದಿದವಳಿಗೆ? ಪದವಿ ಪ್ರವೇಶದ ಸಿಯುಇಟಿ ಕನ್ನಡವೂ ಸೇರಿ 13 ಭಾಷೆಗಳಲ್ಲಿದೆ. ಪಿಜಿಯ ರಾಜ್ಯಶಾಸ್ತ್ರ ಪತ್ರಿಕೆ ಇರೋದು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಒಕ್ಕೂಟ ವ್ಯವಸ್ಥೆಯ ಬಗ್ಗೆ ಪ್ರಶ್ನೆ ಕೇಳುವ ಪತ್ರಿಕೆ ಕಣ್ರೀ ಇದು! ಇದು ಅರ್ಹತೆಯ ಪರೀಕ್ಷೆ ಅಂತ ನಾನು ಒಪ್ಪೋದಿಲ್ಲ.

ಮನೆ ಬಿಡಲಾಗದವರಿಗೆ ಇಗ್ನೋ ಇದೆ: ಯಾವುದೇ ಪದವಿ ಸಾಕು, ಪ್ರವೇಶ ಪರೀಕ್ಷೆ ಇಲ್ಲ.

ಎಲ್ಲೇ ಸೇರಿ, ಅಂಕದ ಮೇಲೆ ಕಣ್ಣಿರಲಿ. ಮುಂದೆ ಯುಜಿಸಿ-ನೆಟ್‌ಗೆ ಎಂ.ಎ.ಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 55, ಮೀಸಲು ವರ್ಗಗಳಿಗೆ ಶೇ 50 ಬೇಕು. ಜೆಆರ್‌ಎಫ್‌ಗೆ ವಯೋಮಿತಿ 30; ಮಹಿಳೆಯರಿಗೆ, ಮೀಸಲು ವರ್ಗದವರಿಗೆ 5 ವರ್ಷ ಸಡಿಲಿಕೆ. ಸಿಯುಇಟಿ ಬರೆಯೋರು ಪದವಿಯ ಕೊನೇ ವರ್ಷದಲ್ಲೇ ‘ಸಾರ್ವಭೌಮತ್ವ’ದ ಪಕ್ಕ ‘ಸಾವರಿನ್‌ಟಿ’ ಅಂತ ಬರೆದಿಟ್ಟುಕೊಳ್ಳಿ.