ಗೇರುಹಣ್ಣಿನ ಎರವಲು ಹೆಸರು

ಹಿಮಾಚಲದ ಸೇಬು ಕುಂದಾಪುರದ ಸೆಕೆ ತಡೆಯಲ್ಲ ಬಿಡಿ. ಆದ್ರೆ ಇಂಗ್ಲಿಷಿನವರು 'ಆಪಲ್' ಅಂತಲೇ ಕರೆಯೋ ಒಂದು ಹಣ್ಣು ನಮ್ಮ ಹಾಡಿ, ಹಿತ್ತಿಲಲ್ಲೆಲ್ಲ ಉದುರಿ ಬಿದ್ದಿರತ್ತೆ. ಕ್ಯಾಶ್ಯೂ ಆಪಲ್, ಅಂದ್ರೆ ನಮ್ಮ ಗೇರುಹಣ್ಣು. ಉಪ್ಪು ಹಚ್ಚಿ ತಿಂದು, ಅಂಗಿಗೆ ಕಲೆ ಮಾಡ್ಕೊಂಡು, ಅಮ್ಮನ ಹತ್ರ ಬೈಸ್ಕೊಳ್ಳದೆ ಬೆಳೆದವರು ಬೈಂದೂರಿಂದ ಬ್ರಹ್ಮಾವರದ ತನಕ ಯಾರಿದ್ದಾರೆ ಹೇಳಿ? :)

ಇಷ್ಟೊಂದು ನಮ್ಮದು ಅನ್ನಿಸೋ ಈ ಮರ ಮೂಲತಃ ಬ್ರೆಜಿಲಿನದು. ೧೬ನೇ ಶತಮಾನದಲ್ಲಿ ಪೋರ್ಚುಗೀಸರು ಇದನ್ನ ನಮ್ಮ ಪಶ್ಚಿಮ ಕರಾವಳಿಗೆ ತಂದರು. (೧೫೬೯ರಲ್ಲಿ ಬಸರೂರನ್ನ ಹಿಡಿದವರೂ ಇವರೇ.) ಹಾಗಾದ್ರೆ ಬ್ರೆಜಿಲಿನ ಮರಕ್ಕೆ 'ಗೇರು' ಅನ್ನೋ ಕನ್ನಡದ ಹೆಸರು ಹೇಗೆ ಬಂತು?

ಪೋರ್ಚುಗೀಸರು ಬರೋ ಮೊದಲೇ ಇಲ್ಲಿ ಇನ್ನೊಂದು ಗೇರು ಇತ್ತು. ಅಗಸರು ಬಟ್ಟೆಗೆ ಗುರುತು ಹಾಕ್ತಿದ್ದ ಕರಿಗೇರು, ಸಂಸ್ಕೃತದ ಭಲ್ಲಾತಕ. ಎರಡೂ ಒಂದೇ ಕುಟುಂಬದವು. ಎರಡರಲ್ಲೂ ಬೀಜ ಹಣ್ಣಿನ ಹೊರಗೆ, ಎರಡರ ಸೊನೆ ತಾಗಿದ್ರೂ ಚರ್ಮ ಸುಡತ್ತೆ. ಹಿರಿಯರು ಹೊಸ ಮರ ನೋಡಿ ಹಳೇ ಹೆಸರನ್ನೇ ಕೊಟ್ಟುಬಿಟ್ಟರು. ಗೋಡಂಬಿಯ ಕಥೆಯೂ ಇದೇ. ಮರಾಠಿಯಲ್ಲಿ ಈಗಲೂ ಗೋಡಂಬಿ ಅಂದ್ರೆ ಕರಿಗೇರಿನ ತಿರುಳು!

ತಮಾಷೆ ಏನಂದ್ರೆ, ಯುರೋಪಿನ ಹಳೇ ಔಷಧಿ ಪುಸ್ತಕಗಳಲ್ಲಿ 'ಅನಕಾರ್ಡಿಯಂ' ಅನ್ನೋದೂ ಕರಿಗೇರಿನ ಹೆಸರೇ ಆಗಿತ್ತು. ೧೭೫೩ರ ತನ್ನ ಪುಸ್ತಕದಲ್ಲಿ ಲಿನೇಯಸ್ ಅದನ್ನ ಬ್ರೆಜಿಲಿನ ಗೇರಿಗೆ ಕೊಟ್ಟ. ಪಾಪ, ಕರಿಗೇರು ಎರಡೂ ಕಡೆ ಹೆಸರು ಕಳ್ಕೊಳ್ತು.

ಈಗ ಸರದಿ ಹಿತ್ತಿಲಿನ ಹಳೇ ಗೇರುಮರಗಳದ್ದು. ಉಳ್ಳಾಲದ ಸಂಶೋಧನಾ ಕೇಂದ್ರ, ೧೯೮೬ರಲ್ಲಿ ಶುರುವಾದ ಪುತ್ತೂರಿನ ಕೇಂದ್ರ ಒಳ್ಳೆ ಇಳುವರಿಯ ತಳಿಗಳನ್ನ ಕೊಟ್ಟಿವೆ. ಕಸಿ ಗಿಡ ನೆಡೋದು ತಪ್ಪಲ್ಲ. ಆದ್ರೆ ಬೀಜ ಬಿದ್ದು ತಾನಾಗೇ ಹುಟ್ಟಿದ ಮರಗಳಲ್ಲಿ ಒಂದೊಂದರ ಹಣ್ಣೂ ಬೇರೆ. ಒಂದು ಹಳದಿ, ಒಂದು ಕೆಂಪು, ಒಂದು ಗಂಟಲು ಕೆರೆಯೋದು, ಒಂದು ಬರೀ ಸಿಹಿ. ಆ ಸಿಹಿ ಮರದ ಬೀಜ ಹಾಕಿದ್ರೆ ಅದೇ ರುಚಿ ಬರತ್ತೆ ಅನ್ನೋ ಗ್ಯಾರಂಟಿ ಇಲ್ಲ. ಅದನ್ನ ಉಳಿಸೋಕೂ ಕಸಿಯೇ ದಾರಿ.

ನಮ್ಮನೆ ಹಿಂದೆ ಅಜ್ಜಿ ಕಾಲದ ಅಂಥದ್ದೊಂದು ಮರ ಇದೆ. ಅದನ್ನ ಕಡಿಯೋ ಮಾತು ಬಂದಾಗ ಅಮ್ಮನಿಗೆ ಹೇಳಿದ್ದು ಇಷ್ಟೇ: ಕಡಿಯೋದಾದ್ರೆ ಕಡೀರಿ, ಅದಕ್ಕೂ ಮುಂಚೆ ಒಂದು ಕುಡಿ ತೆಗೆದು ಕಸಿ ಕಟ್ಟಿಸೋಣ. ಹೆಸರು ಹೇಗೂ ಉಳಿಯತ್ತೆ, ಹೋಗೋದು ಮರ. ಕರಿಗೇರು ಹೇಳೋದೂ ಅದನ್ನೇ ಅಲ್ವಾ?

ನಿಮ್ಮ ಹಿತ್ತಿಲಲ್ಲಿ ಯಾವ ಗೇರು ಉಳಿದಿದೆ?