ಅಳತೆಗೋಲಾದ ಪ್ರತಿಕಾಯ



ಸಿರಿಗೆರೆಯ ಸುತ್ತಿನ ಹೊಲಗಳಲ್ಲಿ ಯಾರಿಗಾದರೂ ಹಾವು ಕಚ್ಚಿದರೆ ಆಸ್ಪತ್ರೆಯಲ್ಲಿ ಒಂದು ಚುಚ್ಚುಮದ್ದು ಕೊಡುತ್ತಾರೆ. ಅದು ಎಲ್ಲಿಂದ ಬಂತೆಂದು ನೀವು ಎಂದಾದರೂ ಯೋಚಿಸಿದ್ದೀರಾ? ಅದು ಕುದುರೆಯ ರಕ್ತದಿಂದ ಬಂದದ್ದು. ಕುದುರೆಗೆ ಅತ್ಯಲ್ಪ ಪ್ರಮಾಣದಲ್ಲಿ ಹಾವಿನ ವಿಷವನ್ನು ಮತ್ತೆ ಮತ್ತೆ ಕೊಟ್ಟಾಗ, ಅದರ ಶರೀರವು ಆ ವಿಷವನ್ನು ಗುರುತು ಹಿಡಿದು ಅದಕ್ಕೇ ಅಂಟಿಕೊಳ್ಳುವ ಪ್ರೋಟೀನುಗಳನ್ನು ತಯಾರಿಸುತ್ತದೆ. ಇವೇ ಪ್ರತಿಕಾಯಗಳು. ಈ ಗುರುತು ಹಿಡಿಯುವ ಗುಣವನ್ನು ಚಿಕಿತ್ಸೆಗೆ ಬಳಸುವುದನ್ನು ಮನುಷ್ಯ ಹತ್ತೊಂಬತ್ತನೆಯ ಶತಮಾನದಲ್ಲೇ ಕಲಿತ. ಅದೇ ಗುಣವನ್ನು ಅಳತೆಗೂ ಬಳಸಬಹುದೆಂದು ತಿಳಿಯಲು ಇನ್ನೂ ಅರ್ಧ ಶತಮಾನ ಹಿಡಿಯಿತು. ಆ ಕಥೆಯಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ.

ಅಳೆಯಬೇಕಾದದ್ದಾದರೂ ಏನು? ನಮ್ಮ ಶರೀರದ ಜೀವಕೋಶಗಳು ಒಂದಕ್ಕೊಂದು ಸಂಕೇತಗಳನ್ನು ಕಳುಹಿಸುತ್ತಲೇ ಇರುತ್ತವೆ. ಇನ್ಸುಲಿನ್ ಅಂಥದೊಂದು ಸಂಕೇತ. ಬರಿಹೊಟ್ಟೆಯಲ್ಲಿರುವಾಗ ಒಂದು ಮಿಲಿಲೀಟರ್ ರಕ್ತದಲ್ಲಿ ಅದು ಇರುವುದು ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲಿನಷ್ಟು, ಅದಕ್ಕಿಂತ ಕಡಿಮೆಯೂ ಇರಬಹುದು. ಯಾವ ತಕ್ಕಡಿ ಅದನ್ನು ತೂಗೀತು?

ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಸೈನಿಕರ ಆಸ್ಪತ್ರೆಯೊಂದಿದೆ. ಅಲ್ಲಿ ಕಸಗುಡಿಸುವವರ ಸಾಮಾನು ಇಡುತ್ತಿದ್ದ ಕೋಣೆಯನ್ನೇ ಪ್ರಯೋಗಶಾಲೆ ಮಾಡಿಕೊಂಡು ಕೆಲಸ ಆರಂಭಿಸಿದಾಕೆ ರೋಸಲಿನ್ ಯಾಲೋ. ಆಕೆಯೂ ವೈದ್ಯ ಸಾಲೊಮನ್ ಬರ್ಸನ್ನರೂ ಒಂದು ವಿಚಿತ್ರವನ್ನು ಕಂಡರು. ಪ್ರಾಣಿಗಳ ಇನ್ಸುಲಿನ್ ಚುಚ್ಚಿಸಿಕೊಂಡ ರೋಗಿಗಳ ರಕ್ತದಲ್ಲಿ ಅದಕ್ಕೆ ಅಂಟಿಕೊಳ್ಳುವ ಪ್ರತಿಕಾಯಗಳಿದ್ದವು. ಪಂಡಿತರು ನಂಬಲಿಲ್ಲ. 1956ರಲ್ಲಿ ಲೇಖನ ಅಚ್ಚಾಗುವಾಗ ಶೀರ್ಷಿಕೆಯಿಂದ ‘ಪ್ರತಿಕಾಯ’ ಎಂಬ ಪದವನ್ನೇ ತೆಗೆಯಬೇಕಾಯಿತು. ಆ ತಿರಸ್ಕಾರ ಪತ್ರವನ್ನು ಯಾಲೋ ಜೋಪಾನವಾಗಿ ಇಟ್ಟುಕೊಂಡು, 1977ರಲ್ಲಿ ನೊಬೆಲ್ ಉಪನ್ಯಾಸದಲ್ಲಿ ತೋರಿಸಿದರು! ಬರ್ಸನ್ ಅದನ್ನು ನೋಡಲು ಇರಲಿಲ್ಲ, 1972ರಲ್ಲೇ ತೀರಿಕೊಂಡಿದ್ದರು.

1959-60ರಲ್ಲಿ ಅವರು ರೂಪಿಸಿದ ಅಳತೆಯ ಉಪಾಯವನ್ನು ಹೀಗೆ ಊಹಿಸಿಕೊಳ್ಳಿ. ಸಿರಿಗೆರೆಯಿಂದ ಚಿತ್ರದುರ್ಗಕ್ಕೆ ಹೊರಟ ಬಸ್ಸಿನಲ್ಲಿ ನಲವತ್ತು ಸೀಟುಗಳು. ಕೆಂಪು ರುಮಾಲಿನವರು ಪ್ರತಿಸಲವೂ ಸರಿಯಾಗಿ ನಲವತ್ತು ಮಂದಿ ಬರುತ್ತಾರೆ. ಬೇರೆ ಯಾರೂ ಇಲ್ಲದಿದ್ದರೆ ಕುಳಿತವರೆಲ್ಲ ಕೆಂಪು ರುಮಾಲಿನವರೇ. ಬಿಳಿ ರುಮಾಲಿನವರೂ ನಲವತ್ತು ಮಂದಿ ನುಗ್ಗಿದರೆ, ಸೀಟು ಸಿಕ್ಕ ಕೆಂಪು ರುಮಾಲಿನವರು ಸುಮಾರು ಇಪ್ಪತ್ತು. ಬಿಳಿಯವರು ನೂರಿಪ್ಪತ್ತಾದರೆ ಕೆಂಪಿನವರಿಗೆ ಸಿಗುವುದು ಹತ್ತೇ ಸೀಟು. ಹಾಗಾದರೆ ಕುಳಿತ ಕೆಂಪು ರುಮಾಲುಗಳನ್ನಷ್ಟೇ ಎಣಿಸಿ ಬಿಳಿಯವರು ಎಷ್ಟೆಂದು ಹೇಳಬಹುದಲ್ಲವೆ? ಸೀಟು ಎಂದರೆ ಪ್ರತಿಕಾಯ. ಕೆಂಪು ರುಮಾಲು ಎಂದರೆ ವಿಕಿರಣಶೀಲ ಅಯೋಡಿನ್ ಅಂಟಿಸಿದ ಇನ್ಸುಲಿನ್. ಬಿಳಿ ರುಮಾಲು, ರೋಗಿಯ ರಕ್ತದ ಇನ್ಸುಲಿನ್.

ಈಗ ಬೆಂಗಳೂರಿಗೆ ಬರೋಣ. ಹಾಸನ ಜಿಲ್ಲೆಯ ನುಗ್ಗೇಹಳ್ಳಿಯ ಹೆಸರನ್ನು ತಮ್ಮ ಹೆಸರಿನಲ್ಲೇ ಹೊತ್ತ ಎನ್.ಆರ್. ಮೌದ್ಗಲ್ ಅವರು 1960ರ ದಶಕದ ಆರಂಭದಲ್ಲಿ ಅಮೆರಿಕೆಯ ಬರ್ಕ್ಲಿಯಲ್ಲಿ ಹಾರ್ಮೋನು ತಜ್ಞ ಸಿ.ಎಚ್. ಲೀ ಅವರೊಡನೆ ಪಿಟ್ಯುಟರಿ ಹಾರ್ಮೋನುಗಳ ಪ್ರತಿಕಾಯಗಳನ್ನು ಅಭ್ಯಸಿಸಿದರು. ಬಳಿಕ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆ ಕೆಲಸವನ್ನು ಬೆಳೆಸಿದರು. ಅವರು ಹಿಡಿದ ಸಂಕೇತ ಎಲ್.ಎಚ್., ಅಂದರೆ ಲ್ಯೂಟಿನೈಸಿಂಗ್ ಹಾರ್ಮೋನ್. ಮಿದುಳಿನ ಬುಡದ ಪಿಟ್ಯುಟರಿಯಿಂದ ಹೊರಟು ಅಂಡಾಶಯದ ಜೀವಕೋಶಗಳಿಗೆ ಪ್ರೊಜೆಸ್ಟಿರಾನ್ ತಯಾರಿಸುವಂತೆ ಹೇಳುವುದು ಇದರ ಒಂದು ಕೆಲಸ.

ಗರ್ಭಿಣಿ ಇಲಿಗೆ ಎಲ್.ಎಚ್. ಬೇಕೇ ಬೇಕೆ? ಹಿಂದಿನವರು ಇಂಥ ಪ್ರಶ್ನೆಗೆ ಪಿಟ್ಯುಟರಿಯನ್ನೇ ಕತ್ತರಿಸಿ ತೆಗೆದು ಉತ್ತರ ಹುಡುಕುತ್ತಿದ್ದರು. ಆದರೆ ಊರಿನ ಟ್ರಾನ್ಸ್‌ಫಾರ್ಮರನ್ನೇ ಕಿತ್ತರೆ ಯಾವ ತಂತಿ ಯಾವ ಮನೆಗೆ ಹೋಗಿತ್ತೆಂದು ತಿಳಿಯುವುದು ಹೇಗೆ? ಪ್ರತಿಕಾಯವಾದರೋ ಒಂದೇ ತಂತಿಯನ್ನು ಕಡಿಯುತ್ತದೆ. ಮೌದ್ಗಲ್ ಮತ್ತು ಅವರ ಸಹೋದ್ಯೋಗಿ ಎಚ್.ಜಿ. ಮಧ್ವರಾಜ್ 1970ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗರ್ಭದ ಎಂಟನೆಯ ದಿನದ ಆಸುಪಾಸಿನಲ್ಲಿ ಎಲ್.ಎಚ್. ಪ್ರತಿಕಾಯವುಳ್ಳ ಸೀರಮ್ ಕೊಟ್ಟಾಗ ಗರ್ಭ ನಿಲ್ಲಲಿಲ್ಲ. ಜೊತೆಗೆ ಪ್ರೊಜೆಸ್ಟಿರಾನ್ ಕೊಟ್ಟರೆ ಗರ್ಭ ಉಳಿಯಿತು.

ಈ ಕೊನೆಯ ಮಾತನ್ನು ದಯವಿಟ್ಟು ಇನ್ನೊಮ್ಮೆ ಓದಿ. ನನಗೆ ಇಡೀ ಪ್ರಯೋಗದಲ್ಲಿ ಹೆಚ್ಚು ಬೆಲೆಯುಳ್ಳದ್ದೆನಿಸುವುದು ಇದೇ. ಸೀರಮ್ಮಿನಲ್ಲಿದ್ದ ಬೇರಾವುದೋ ವಿಷ ಗರ್ಭವನ್ನು ಕೆಡಿಸಿದ್ದರೆ ಪ್ರೊಜೆಸ್ಟಿರಾನ್ ಅದನ್ನು ಉಳಿಸುವುದು ಕಷ್ಟವಿತ್ತು. ಪ್ರತಿಕಾಯ ಹಿಡಿದದ್ದು ನಾವು ತಿಳಿದುಕೊಂಡದ್ದನ್ನೇ ಏನು ಎಂಬ ಸಂಶಯಕ್ಕೆ ಪ್ರಯೋಗದೊಳಗೇ ಉತ್ತರವಿತ್ತು.

ಆ ಸಂಶಯ ಬರಿಯ ತರ್ಕವಲ್ಲ. ಎಲ್.ಎಚ್. ಅಣುವಿನಲ್ಲಿ ಎರಡು ಸರಪಳಿಗಳಿವೆ. ಅವುಗಳಲ್ಲಿ ಆಲ್ಫಾ ಎಂಬುದು ಎಫ್.ಎಸ್.ಎಚ್., ಟಿ.ಎಸ್.ಎಚ್. ಮತ್ತು ಗರ್ಭಿಣಿಯರಲ್ಲಿ ಹುಟ್ಟುವ ಎಚ್.ಸಿ.ಜಿ. ಹಾರ್ಮೋನುಗಳಲ್ಲಿಯೂ ಒಂದೇ. ಹೀಗಾಗಿ ಎಚ್.ಸಿ.ಜಿ.ಗೆಂದು ಮಾಡಿದ ಪ್ರತಿಕಾಯ ಎಲ್.ಎಚ್. ಅನ್ನೂ ಹಿಡಿದುಬಿಡುತ್ತಿತ್ತು. ಗರ್ಭವಿಲ್ಲದಾಗಲೂ ಇದೆಯೆಂದು ತೋರಿದರೆ ಗತಿಯೇನು? 1972ರಲ್ಲಿ ಅಮೆರಿಕೆಯ ಜುಡಿತ್ ವೈಟುಕೈಟಿಸ್ ಮತ್ತು ಸಂಗಡಿಗರು ಭಿನ್ನವಾದ ಬೀಟಾ ಸರಪಳಿಯ ವಿರುದ್ಧ ಪ್ರತಿಕಾಯ ಮಾಡಿ ಈ ತೊಡಕನ್ನು ಬಿಡಿಸಿದರು. ಇಂದು ಆಶಾ ಕಾರ್ಯಕರ್ತೆಯ ಚೀಲದಲ್ಲಿರುವ ಗರ್ಭಪರೀಕ್ಷೆಯ ಪಟ್ಟಿಯ ಹಿಂದೆ ಇರುವುದು ಆ ತಿಳಿವು.

ಮುಂದೆ ಪ್ರತಿಕಾಯ ರಕ್ತದಿಂದ ಜೀವಕೋಶದ ಒಳಕ್ಕೆ ಹೊಕ್ಕಿತು. ಹೊರಗಿನ ಸಂಕೇತ ತಲಪಿದಾಗ ಒಳಗಿನ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಕೊಳ್ಳುತ್ತದೆ. ಇದು ದೀಪದ ಗುಂಡಿ ಒತ್ತಿದಂತೆ. 1979ರಲ್ಲಿ ಟೋನಿ ಹಂಟರ್ ಹಳೆಯ ದ್ರಾವಣವನ್ನೇ ಮತ್ತೆ ಬಳಸಿದರು. ಅದರ ಆಮ್ಲೀಯತೆ ಕೊಂಚ ಬದಲಾಗಿತ್ತು. ಆ ದೆಸೆಯಿಂದಲೇ ಟೈರೋಸಿನ್ ಮೇಲೆ ಕುಳಿತ ಫಾಸ್ಫೇಟ್ ಅವರ ಕಣ್ಣಿಗೆ ಬಿತ್ತು! ಅದೇ ವರ್ಷ, ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಹಾಳೆಗೆ ಇಳಿಸಿ ಪ್ರತಿಕಾಯದಿಂದ ಗುರುತಿಸುವ ವಿಧಾನವೂ ಬಂತು. ಅದಕ್ಕೆ ‘ವೆಸ್ಟರ್ನ್ ಬ್ಲಾಟ್’ ಎಂದು ಹೆಸರು. 1981ರ ಹೊತ್ತಿಗೆ ಫಾಸ್ಫೇಟ್ ಹೊತ್ತ ಟೈರೋಸಿನ್ನನ್ನೇ ಹಿಡಿಯುವ ಪ್ರತಿಕಾಯಗಳು ಸಿದ್ಧವಾದವು. ಗುಂಡಿ ಒತ್ತಿದೆಯೇ ಇಲ್ಲವೇ ಎಂದು ಅಳೆಯುವುದು ಸಾಧ್ಯವಾಯಿತು.

ಪ್ರತಿಕಾಯಗಳು ಅಂಗಡಿಯ ಸರಕಾದವು. ಸೀಸೆಯ ಮೇಲಿನ ಚೀಟಿಯನ್ನು ನಂಬುವ ಅಭ್ಯಾಸವೂ ಬೆಳೆಯಿತು. ಈಸ್ಟ್ರೋಜನ್ ಸಂಕೇತವನ್ನು ಸ್ವೀಕರಿಸುವ ‘ಬೀಟಾ ಗ್ರಾಹಕ’ 1996ರಲ್ಲಿ ಪತ್ತೆಯಾದ ಮೇಲೆ, ಸ್ತನ ಕ್ಯಾನ್ಸರಿನಲ್ಲಿ ಅದರ ಪಾತ್ರವೇನೆಂದು ಇಪ್ಪತ್ತು ವರ್ಷ ಶೋಧ ನಡೆಯಿತು. 2017ರಲ್ಲಿ ಸ್ವೀಡನ್ನಿನ ಸಂಶೋಧಕರು ಬಳಕೆಯಲ್ಲಿದ್ದ 13 ಪ್ರತಿಕಾಯಗಳನ್ನು ಒರೆಗೆ ಹಚ್ಚಿದರು. ನೆಚ್ಚಬಹುದಾದದ್ದು ಒಂದೇ ಒಂದು. ಅದರಿಂದ ನೋಡಿದಾಗ ಸ್ತನದ ಅಂಗಾಂಶದಲ್ಲಿ, ಆರೋಗ್ಯವಂತದರಲ್ಲಾಗಲಿ ಕ್ಯಾನ್ಸರಿನದರಲ್ಲಾಗಲಿ, ಆ ಗ್ರಾಹಕವೇ ಕಾಣಲಿಲ್ಲ. ಇಲ್ಲದ ವಸ್ತುವನ್ನು ಎಷ್ಟು ಮಂದಿ ಅಳೆದಿದ್ದರೋ!

ಈಗಿನ ಒರೆಗಲ್ಲು ಸರಳವಾದದ್ದು. ಒಂದು ಪ್ರೋಟೀನಿನ ಜೀನನ್ನೇ ತೆಗೆದುಹಾಕಿದ ಜೀವಕೋಶಗಳನ್ನು ಬೆಳೆಸಿ, ಪ್ರತಿಕಾಯವನ್ನು ಅವುಗಳ ಮೇಲೆ ಪ್ರಯೋಗಿಸುತ್ತಾರೆ. ಅಲ್ಲಿಯೂ ಗುರುತು ಮೂಡಿದರೆ ಪ್ರತಿಕಾಯ ಬೇರೇನನ್ನೋ ಹಿಡಿಯುತ್ತಿದೆ ಎಂದರ್ಥ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 65 ಪ್ರೋಟೀನುಗಳಿಗೆಂದು ಮಾರಾಟಕ್ಕಿದ್ದ 614 ಪ್ರತಿಕಾಯಗಳನ್ನು ಹೀಗೆ ಪರೀಕ್ಷಿಸಿದರು. ನಿರೀಕ್ಷೆಗೆ ನಿಲುಕದವುಗಳಲ್ಲಿ ಸುಮಾರು ಐದರಲ್ಲೊಂದನ್ನು ತಯಾರಕರೇ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ಇನ್ನು ಹಲವಕ್ಕೆ ಬಳಕೆಯ ಸೂಚನೆಯನ್ನು ತಿದ್ದಿ ಬರೆದರು.